ತಂತಿ ಕಿತ್ತರೂ ಬರುವ ಉತ್ತರ: ಮನೆಯ ಎರಡು ಲಿನಕ್ಸ್ ಕಂಪ್ಯೂಟರ್‌ಗಳ ಮೂಲಕ ದೋಷಪತ್ತೆಯ ಪಾಠ

ಪೀಠಿಕೆ

ಕಂಪ್ಯೂಟರ್ ಶಿಕ್ಷಣದ ಅಭ್ಯಾಸ ಪಾಠಗಳನ್ನು ವೀಕ್ಷಿಸುವಾಗ ನನಗೆ ಹೆಚ್ಚಾಗಿ ಕಾಣಸಿಗುವುದು ಎರಡು ಬಗೆಯ ಪಾಠಗಳು. ಒಂದು, ಭಾಗಗಳನ್ನು ಹೆಸರಿಸುವ ಪಾಠ. ಇನ್ನೊಂದು, ಹಂತಗಳನ್ನು ಅನುಸರಿಸುವ ಪಾಠ. ಎರಡರಲ್ಲೂ ಯಂತ್ರವು ಹೇಳಿದಂತೆ ಕೇಳುತ್ತದೆ ಎಂಬ ಎಣಿಕೆಯಿದೆ. ಕೇಳದಿದ್ದಾಗ ಏನು ಮಾಡಬೇಕು ಎಂಬುದಕ್ಕೆ ಪಾಠ ಯೋಜನೆಯಲ್ಲಿ ಜಾಗವೇ ಇರುವುದಿಲ್ಲ. ಮಕ್ಕಳು ಮನೆಯಲ್ಲಿ ಎದುರಿಸುವುದು ಮಾತ್ರ ಹೆಚ್ಚಾಗಿ ಆ ಕೇಳದ ಯಂತ್ರವನ್ನೇ. ಆಗ ಅವರು ಹೇಳುವ ಮಾತು ಒಂದೇ: ‘ಕಂಪ್ಯೂಟರ್ ಕೆಟ್ಟಿದೆ.’

‘ಕೆಟ್ಟಿದೆ’ ಎಂಬುದು ತೀರ್ಮಾನವೇ ಹೊರತು ಅವಲೋಕನವಲ್ಲ. ಅವಲೋಕನದಿಂದ ತೀರ್ಮಾನಕ್ಕೆ ಹೋಗುವ ದಾರಿಯನ್ನು ಕಲಿಸಲು ವಿಜ್ಞಾನದ ಪ್ರಯೋಗಾಲಯ ಎಷ್ಟು ಒಳ್ಳೆಯದೋ ಎರಡು ಹಳೆಯ ಕಂಪ್ಯೂಟರ್ ಮತ್ತು ಒಂದು ಈಥರ್ನೆಟ್ ತಂತಿಯೂ ಅಷ್ಟೇ ಒಳ್ಳೆಯದು. ಈ ನಂಬಿಕೆಯಿಂದ ಈ ಸಾಲಿನ ಬೋಧನಾ ಅಭ್ಯಾಸದಲ್ಲಿ ಒಬ್ಬ ಪ್ರಶಿಕ್ಷಣಾರ್ಥಿಯೊಂದಿಗೆ ಸೇರಿ 9ನೇ ತರಗತಿಗೆ 40 ನಿಮಿಷಗಳ ಎರಡು ಅವಧಿಯ ಪಾಠವೊಂದನ್ನು ರೂಪಿಸಿದೆ. ಪಾಠ ಮಾಡಿದವರು ಅವರು. ಹಿಂದಿನ ಬೆಂಚಿನಲ್ಲಿ ಕುಳಿತು ಬರೆದುಕೊಂಡವಳು ನಾನು. ಮೊದಲ ಅವಧಿಯ ಕೊನೆಗೆ ನಮ್ಮ ವೀಕ್ಷಕರ ನಡುವೆಯೇ ಒಂದು ಭಿನ್ನಾಭಿಪ್ರಾಯ ಹುಟ್ಟಿತು. ಆ ಭಿನ್ನಾಭಿಪ್ರಾಯವೂ ಪಾಠದಷ್ಟೇ ಮುಖ್ಯವೆನಿಸಿದ್ದರಿಂದ ಎರಡನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಸನ್ನಿವೇಶ ಮತ್ತು ಪೂರ್ವಸಿದ್ಧತೆ

ಮಕ್ಕಳಿಗೆ ಕೊಟ್ಟ ಸನ್ನಿವೇಶ ಹೀಗಿತ್ತು: ಒಂದು ಮನೆಯಲ್ಲಿ ಎರಡು ಕಂಪ್ಯೂಟರ್‌ಗಳಿವೆ, ಎರಡರಲ್ಲೂ ಲಿನಕ್ಸ್ ಇದೆ. ಹಳೆಯದರಲ್ಲಿ ಮನೆಮಂದಿಯ 40 ಜಿಬಿ ಫೋಟೋಗಳಿವೆ. ಅವನ್ನು ಹೊಸದಕ್ಕೆ ಸಾಗಿಸಬೇಕು. ರೂಟರ್ ಇಲ್ಲ, ಇಂಟರ್ನೆಟ್ ಬೇಡ. ಒಂದು ಯಂತ್ರದಿಂದ ಇನ್ನೊಂದಕ್ಕೆ ನೇರವಾಗಿ ತಂತಿ.

ತರಗತಿಯಲ್ಲಿ 24 ಮಕ್ಕಳು, ಆರು ಯಂತ್ರಗಳು. ಎರಡೆರಡು ಯಂತ್ರಗಳನ್ನು ಒಂದೊಂದು ‘ಮನೆ’ ಎಂದು ಕರೆದು ಮೂರು ಗುಂಪು ಮಾಡಿದೆವು. ಪ್ರತಿ ಯಂತ್ರದ ಮುಂದೆ ನಾಲ್ವರು. ಅವರಿಗೆ ನಾಲ್ಕು ಕೆಲಸ: ಒಬ್ಬರು ಕೈ, ಅಂದರೆ ಕೀಲಿಮಣೆ ಮತ್ತು ತಂತಿ ಮುಟ್ಟುವವರು, ಒಬ್ಬರು ಕಣ್ಣು, ಪರದೆಯ ಮೇಲೆ ಬಂದದ್ದನ್ನು ಗಟ್ಟಿಯಾಗಿ ಓದುವವರು, ಒಬ್ಬರು ಬರಹ, ದಾಖಲೆ ಬರೆಯುವವರು, ಒಬ್ಬರು ಪ್ರಶ್ನೆ, ‘ಇದರಿಂದ ಏನು ಗೊತ್ತಾಯಿತು, ಏನು ಗೊತ್ತಾಗಲಿಲ್ಲ?’ ಎಂದು ಪ್ರತಿ ಬಾರಿಯೂ ಕೇಳುವವರು. ಕೈಗೆ ಬಾಯಿಲ್ಲ ಎಂಬುದು ನಿಯಮ. ಕಂಪ್ಯೂಟರ್ ಬಲ್ಲ ಒಬ್ಬನೇ ಎಲ್ಲವನ್ನೂ ಮಾಡಿ ಮುಗಿಸುವುದನ್ನು ಇದು ತಡೆಯುತ್ತದೆ.

ದಾಖಲೆಯ ಹಾಳೆಯಲ್ಲಿ ನಾಲ್ಕು ಅಂಕಣ: ಊಹೆ, ಪರೀಕ್ಷೆ, ಕಂಡದ್ದು, ತೀರ್ಮಾನ. ಒಂದು ಬಾರಿಗೆ ಒಂದೇ ಬದಲಾವಣೆ. ಫಲ ಕೊಡದಿದ್ದರೆ ಅದನ್ನು ಹಿಂದಿನಂತೆ ಮಾಡಿದ ಮೇಲೆಯೇ ಮುಂದಿನದು. ಎರಡನ್ನು ಒಟ್ಟಿಗೆ ಬದಲಿಸಿದರೆ, ಸರಿಯಾದರೂ ಯಾವುದರಿಂದ ಸರಿಯಾಯಿತು ಎಂಬುದು ತಿಳಿಯುವುದಿಲ್ಲ.

ಎಲ್ಲ ಯಂತ್ರಗಳಲ್ಲೂ ವೈಫೈ ಆರಿಸಿಡುವುದು ಶಿಕ್ಷಕರ ಕೆಲಸ. ಅದು ಹೊತ್ತಿದ್ದರೆ ಮಾಹಿತಿ ಯಾವ ದಾರಿಯಲ್ಲಿ ಹೋಯಿತು ಎಂಬುದೇ ಗೊಂದಲವಾಗುತ್ತದೆ.

ಐದು ಮೆಟ್ಟಿಲುಗಳು

ಕೆಳಗಿನಿಂದ ಮೇಲಕ್ಕೆ ಹತ್ತುವುದು ಈ ಪಾಠದ ಕ್ರಮ. ಒಂದು ಮೆಟ್ಟಿಲು ಗಟ್ಟಿಯಾದ ಮೇಲೆಯೇ ಮುಂದಿನದು.

ಮೊದಲ ಮೆಟ್ಟಿಲು, ತಂತಿ. ತಂತಿಯ ತುದಿ ಕಿಂಡಿಯಲ್ಲಿ ‘ಟಕ್’ ಎಂದು ಕೂತಿದೆಯೇ? ಕಿಂಡಿಯ ಪಕ್ಕದ ಸಣ್ಣ ದೀಪ ಹೊತ್ತಿದೆಯೇ? ಮನೆಯ ತಂತಿಗಳಲ್ಲಿ ಪ್ಲಾಸ್ಟಿಕ್ ಕೊಕ್ಕೆ ಮುರಿದಿರುವುದು ಸಾಮಾನ್ಯ. ಒಳಗೆ ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. ಟರ್ಮಿನಲ್‌ನಲ್ಲಿ ‘ಐಪಿ ಲಿಂಕ್’ ಎಂಬ ಆಜ್ಞೆ ಕೊಟ್ಟರೆ ತಂತಿಯ ಸಾಲಿನಲ್ಲಿ ‘ನೋ-ಕ್ಯಾರಿಯರ್’ ಎಂದು ಬರಬಹುದು. ಅಂದರೆ ಆಚೆ ತುದಿಯಿಂದ ಸಂಕೇತವೇ ಇಲ್ಲ. ಇದಕ್ಕೆ ತಂತಿಯೇ ಕಾರಣವಾಗಬೇಕಿಲ್ಲ, ಆಚೆ ಯಂತ್ರ ಆರಿದ್ದರೂ ಹೀಗೆ ಬರಬಹುದು. ‘ಲೋಯರ್-ಅಪ್’ ಎಂದು ಬಂದರೆ ಮೊದಲ ಮೆಟ್ಟಿಲು ಗಟ್ಟಿ.

ಎರಡು ಕಂಪ್ಯೂಟರ್‌ಗಳನ್ನು ನೇರವಾಗಿ ಜೋಡಿಸಲು ಹಿಂದೆ ಒಳಗಿನ ಎಳೆಗಳನ್ನು ಅದಲುಬದಲು ಮಾಡಿದ ‘ಕ್ರಾಸ್‌ಓವರ್’ ತಂತಿ ಬೇಕಾಗುತ್ತಿತ್ತು. ಗಿಗಾಬಿಟ್ ಕಾರ್ಡುಗಳು ಈ ಅದಲುಬದಲನ್ನು ತಾವೇ ಮಾಡಿಕೊಳ್ಳುತ್ತವೆ. ಎರಡೂ ಕಡೆ ತೀರ ಹಳೆಯ ಕಾರ್ಡುಗಳಿದ್ದರೆ ಮಾತ್ರ ಈ ಅಂಶವನ್ನು ಗಮನಿಸಬೇಕು.

ಎರಡನೆಯ ಮೆಟ್ಟಿಲು, ವಿಳಾಸ. ರೂಟರ್ ಇರುವ ಮನೆಯಲ್ಲಿ ಯಂತ್ರಗಳಿಗೆ ವಿಳಾಸ ಹಂಚುವುದು ರೂಟರ್. ನೇರ ತಂತಿಯಲ್ಲಿ ಹಂಚುವವರೇ ಇಲ್ಲ. ಸಂಪರ್ಕವನ್ನು ‘ಆಟೊಮ್ಯಾಟಿಕ್’ ಎಂದು ಬಿಟ್ಟರೆ ಯಂತ್ರ ವಿಳಾಸಕ್ಕಾಗಿ ಕೂಗುತ್ತದೆ, ಕಾಯುತ್ತದೆ, ಕೊನೆಗೆ ‘ಸಂಪರ್ಕ ವಿಫಲ’ ಎನ್ನುತ್ತದೆ. ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕಿದ ಅನೇಕರು ನಿಲ್ಲುವುದು ಇಲ್ಲೇ. ತಂತಿ ಸರಿಯಿದ್ದರೂ ತಂತಿಯನ್ನೇ ಬದಲಿಸುತ್ತಾರೆ. ಪರಿಹಾರವೆಂದರೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾನುಯಲ್’ ಆರಿಸಿ ನಾವೇ ವಿಳಾಸ ಕೊಡುವುದು: ಹಳೆಯದಕ್ಕೆ 192.168.10.1, ಹೊಸದಕ್ಕೆ 192.168.10.2, ಎರಡಕ್ಕೂ ನೆಟ್‌ಮಾಸ್ಕ್ 255.255.255.0. ಗೇಟ್‌ವೇ ಜಾಗ ಖಾಲಿ ಬಿಡಬೇಕು. ಅಲ್ಲೇನಾದರೂ ತುಂಬಿದರೆ, ಮುಂದೆ ವೈಫೈ ಹೊತ್ತಿಸಿದಾಗ ಯಂತ್ರ ಇಂಟರ್ನೆಟ್‌ಗೂ ಈ ತಂತಿಯಲ್ಲೇ ಹೊರಡುತ್ತದೆ. ‘ತಂತಿ ಹಾಕಿದ ಕೂಡಲೇ ಇಂಟರ್ನೆಟ್ ಹೋಯಿತು’ ಎಂಬ ದೂರು ಹುಟ್ಟುವುದು ಹೀಗೆ. ಕೊಟ್ಟ ವಿಳಾಸ ನಿಜಕ್ಕೂ ಕೂತಿದೆಯೇ ಎಂಬುದನ್ನು ‘ಐಪಿ ಅಡ್ರೆಸ್’ ಆಜ್ಞೆ ತೋರಿಸುತ್ತದೆ.

ಮಕ್ಕಳಿಗೆ ಇದನ್ನು ಬೀದಿ ಮತ್ತು ಮನೆಸಂಖ್ಯೆಯಂತೆ ವಿವರಿಸಿದೆವು. ಮೊದಲ ಮೂರು ಸಂಖ್ಯೆಗಳು ಬೀದಿ, ಕೊನೆಯದು ಮನೆ. ಬೀದಿ ಒಂದೇ ಇರಬೇಕು, ಮನೆ ಬೇರೆ ಬೇರೆ ಇರಬೇಕು.

ಮೂರನೆಯ ಮೆಟ್ಟಿಲು, ಕರೆ ಮತ್ತು ಓಗೊಡುವಿಕೆ. ಇಲ್ಲಿ ಬಳಸುವುದು ‘ಪಿಂಗ್’. ಅಮೆರಿಕದ ಮೈಕ್ ಮೂಸ್ 1983ರ ಡಿಸೆಂಬರ್‌ನಲ್ಲಿ ಇದನ್ನು ಬರೆದದ್ದು ತಮ್ಮ ಜಾಲದಲ್ಲಿನ ತೊಂದರೆಯೊಂದನ್ನು ಪತ್ತೆಹಚ್ಚುವುದಕ್ಕಾಗಿ. ನೀರಿನೊಳಗೆ ಶಬ್ದ ಕಳುಹಿಸಿ ಪ್ರತಿಧ್ವನಿಯಿಂದ ದೂರ ಅಳೆಯುವ ಸೋನಾರ್‌ನ ಸದ್ದೇ ಅದರ ಹೆಸರಾಯಿತು. 9ನೇ ತರಗತಿಯ ಮಕ್ಕಳಿಗೆ ಪ್ರತಿಧ್ವನಿಯ ಪಾಠ ಪರಿಚಿತವಾದ್ದರಿಂದ ಇದು ಒಳ್ಳೆಯ ಸಹಸಂಬಂಧ.

ಪಿಂಗ್ ಸೋತಾಗ ಬರುವ ಸಂದೇಶಗಳು ಬೇರೆ ಬೇರೆ. ಕನ್ನಡ ಮಾಧ್ಯಮದ ಮಕ್ಕಳು ಅವನ್ನೆಲ್ಲ ಒಂದೇ ಬಗೆಯ ಬೈಗುಳದಂತೆ ಕಾಣುತ್ತಾರೆ, ಓದದೆ ದಾಟಿಬಿಡುತ್ತಾರೆ. ಹಾಗಾಗಿ ಸಂದೇಶವನ್ನು ಕನ್ನಡ ಅಕ್ಷರದಲ್ಲಿ ಇದ್ದಂತೆಯೇ ಬರೆದು ಅರ್ಥ ಹೇಳುವುದನ್ನು ಕಡ್ಡಾಯ ಮಾಡಿದೆವು. ‘ನೆಟ್‌ವರ್ಕ್ ಈಸ್ ಅನ್‌ರೀಚಬಲ್’ ಎಂದರೆ ಆ ಬೀದಿಗೆ ಹೋಗುವ ದಾರಿಯೇ ನನಗೆ ಗೊತ್ತಿಲ್ಲ. ಒಂದು ಯಂತ್ರ 192.168.10ರ ಬೀದಿಯಲ್ಲಿ, ಇನ್ನೊಂದು 192.168.11ರ ಬೀದಿಯಲ್ಲಿ ಇದ್ದರೆ ಇದು ಬರುತ್ತದೆ. ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂದರೆ ಬೀದಿಯಲ್ಲಿ ನಿಂತು ಮನೆಸಂಖ್ಯೆ ಕೂಗಿದೆ, ಯಾರೂ ‘ಓ’ ಅನ್ನಲಿಲ್ಲ. ಮೊದಲನೆಯದಕ್ಕೆ ನನ್ನ ಯಂತ್ರದ ವಿಳಾಸ ನೋಡಬೇಕು, ಎರಡನೆಯದಕ್ಕೆ ಆಚೆ ಯಂತ್ರದ್ದನ್ನೂ ನೋಡಬೇಕು. ಒಂದೊಂದು ಸಂದೇಶವೂ ಎಲ್ಲಿ ಹುಡುಕಬೇಕು ಎಂಬುದನ್ನು ಹೇಳುತ್ತಿದೆ ಎಂದು ಕಂಡಾಗ ಮಕ್ಕಳ ಮುಖಚರ್ಯೆಯೇ ಬೇರೆಯಾಗುತ್ತದೆ.

ನಾಲ್ಕನೆಯ ಮೆಟ್ಟಿಲು, ಸೇವೆ. ಫೋಟೋ ಇರುವ ಯಂತ್ರದಲ್ಲಿ ಕಡತ ಕೊಡುವ ಸೇವೆ ನಡೆಯುತ್ತಿರಬೇಕು. ನಾವು ಬಳಸಿದ್ದು ‘ಎಸ್‌ಎಸ್‌ಎಚ್’. ಉಬುಂಟುವಿನ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಇದರ ಸರ್ವರ್ ಭಾಗ ಮೊದಲೇ ಇರುವುದಿಲ್ಲ, ನಾವು ಹಾಕಿಕೊಳ್ಳಬೇಕು. ಹಳೆಯ ಯಂತ್ರಗಳಿಗೆ ಮಾತ್ರ ಹಾಕಿಟ್ಟಿದ್ದೆವು. ‘ಕನೆಕ್ಷನ್ ರೆಫ್ಯೂಸ್ಡ್’ ಎಂದರೆ ಮನೆಯವರು ಬಾಗಿಲಿಗೆ ಬಂದು ‘ಅಂಥವರು ಇಲ್ಲಿಲ್ಲ’ ಎಂದು ಹೇಳಿ ಕಳುಹಿಸಿದರು: ಯಂತ್ರ ಸಿಕ್ಕಿದೆ, ಸೇವೆ ಇಲ್ಲ. ‘ಕನೆಕ್ಷನ್ ಟೈಮ್ಡ್ ಔಟ್’ ಎಂದರೆ ಬಡಿದದ್ದೇ ಬಂತು, ಒಳಗಿನಿಂದ ಸದ್ದಿಲ್ಲ. ಪಿಂಗ್‌ಗೆ ಉತ್ತರ ಬಂದೂ ಇಲ್ಲಿ ಮೌನವಾದರೆ ಫೈರ್‌ವಾಲ್ ಕಡೆ ನೋಡಬೇಕು.

ಐದನೆಯ ಮೆಟ್ಟಿಲು, ವೇಗ. 100 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 11 ಮೆಗಾಬೈಟ್ ಸಾಗುತ್ತದೆ. 40 ಜಿಬಿಗೆ ಹೆಚ್ಚುಕಡಿಮೆ ಒಂದು ಗಂಟೆ. ಗಿಗಾಬಿಟ್ ಆದರೆ, ಡಿಸ್ಕ್ ಜೊತೆಗೂಡಿದರೆ, ಆರೇಳು ನಿಮಿಷ. ಬಿಟ್‌ಗೂ ಬೈಟ್‌ಗೂ ಇರುವ 8ರ ಅಂತರ ಇಲ್ಲಿ ಲೆಕ್ಕವಾಗಿ ಬರುತ್ತದೆ. ಗಿಗಾಬಿಟ್‌ಗೆ ತಂತಿಯೊಳಗಿನ ಎಂಟೂ ಎಳೆಗಳು ಬೇಕು, 100 ಮೆಗಾಬಿಟ್‌ಗೆ ನಾಲ್ಕು ಸಾಕು. ಆದ್ದರಿಂದ ಎರಡೂ ಕಡೆ ಗಿಗಾಬಿಟ್ ಕಾರ್ಡ್ ಇದ್ದೂ ವೇಗ 100ಕ್ಕೆ ನಿಂತರೆ ಒಂದು ಎಳೆ ತುಂಡಾಗಿರಬಹುದೆಂದು ಊಹಿಸಿ, ಬೇರೆ ತಂತಿಯಿಂದ ಪರೀಕ್ಷಿಸಬಹುದು.

ತರಗತಿಯಲ್ಲಿ ನಡೆದದ್ದು

ಎರಡು ‘ಮನೆ’ಗಳಿಗೆ ನಾವೇ ದೋಷ ಇಟ್ಟಿದ್ದೆವು: ಒಂದರಲ್ಲಿ ಸರಿಯಾಗಿ ಕೂರದ ತಂತಿ, ಇನ್ನೊಂದರಲ್ಲಿ ಬೇರೆ ಬೀದಿಯ ವಿಳಾಸ. ಎರಡನ್ನೂ ಮಕ್ಕಳು ಅರ್ಧ ತಾಸಿನೊಳಗೆ ಹಿಡಿದರು. ಮೂರನೆಯ ‘ಮನೆ’ಯಲ್ಲಿ ನಾವು ಯಾವ ದೋಷವನ್ನೂ ಇಟ್ಟಿರಲಿಲ್ಲ. ಅಲ್ಲಿ ಮಕ್ಕಳೇ ಎಲ್ಲವನ್ನೂ ಮೊದಲಿನಿಂದ ಮಾಡಬೇಕಿತ್ತು. ನಿಜವಾದ ಪಾಠ ನಡೆದದ್ದು ಅಲ್ಲಿ.

ಹೊಸ ಯಂತ್ರದ ಗುಂಪು 192.168.10.1ಕ್ಕೆ ಪಿಂಗ್ ಮಾಡಿತು. ಸಾಲುಸಾಲಾಗಿ ಉತ್ತರ ಬಂತು. ‘ಬಂತು ಮಿಸ್, ಬಂತು!’ ಎಂದು ಚಪ್ಪಾಳೆ ತಟ್ಟಿದರು. ಮೂರನೆಯ ಮೆಟ್ಟಿಲಿಗೆ ಸರಿ ಗುರುತು ಬಿತ್ತು. ನಾಲ್ಕನೆಯದರಲ್ಲಿ ‘ಕನೆಕ್ಷನ್ ರೆಫ್ಯೂಸ್ಡ್’ ಬಂತು. ಸೇವೆ ಇಲ್ಲವೆಂದು ತೀರ್ಮಾನಿಸಿ ಹಳೆಯ ಯಂತ್ರದ ಗುಂಪನ್ನು ಕೇಳಿದರು. ಅವರು ನೋಡಿ ಹೇಳಿದರು: ‘ನಮ್ಮಲ್ಲಿ ನಡೀತಾ ಇದೆ.’ ಸೇವೆಯನ್ನು ನಿಲ್ಲಿಸಿ ಮತ್ತೆ ಶುರುಮಾಡಿದರು. ಆದರೂ ಅದೇ ಉತ್ತರ. ಎರಡು ಯಂತ್ರಗಳ ಮಾತು ಒಂದಕ್ಕೊಂದು ಹೊಂದುತ್ತಿಲ್ಲ. ‘ಕಂಪ್ಯೂಟರ್ ಕೆಟ್ಟಿದೆ’ ಎಂಬ ಮಾತು ಇನ್ನೇನು ಬರಬೇಕು, ಅಷ್ಟರಲ್ಲಿ ‘ಪ್ರಶ್ನೆ’ಯ ಪಾತ್ರದ ಹುಡುಗಿ ಪಕ್ಕದ ಗುಂಪಿನ ಹಾಳೆ ನೋಡಿ ಬಂದು ಹೇಳಿದಳು: ‘ಅವರದು 0.4 ಮಿಲಿಸೆಕೆಂಡ್. ನಮ್ಮದು 0.04. ಅವರಿಗಿಂತ ನಮ್ಮದು ಹತ್ತು ಪಟ್ಟು ಬೇಗ ಯಾಕೆ? ತಂತಿ ಒಂದೇ ಥರದ್ದಲ್ವಾ?’

ಪ್ರಶಿಕ್ಷಣಾರ್ಥಿ ಒಮ್ಮೆ ನನ್ನ ಕಡೆ ನೋಡಿದರು. ಬಳಿಕ ಉತ್ತರ ಕೊಡದೆ ಇನ್ನೊಂದು ಪ್ರಶ್ನೆ ಕೇಳಿದರು: ‘ಉತ್ತರ ತಂತಿಯಿಂದಲೇ ಬರ್ತಾ ಇದೆ ಅಂತ ಹೇಗೆ ಗೊತ್ತು?’ ಸ್ವಲ್ಪ ಹೊತ್ತು ಮೌನ. ‘ಕಿತ್ತು ನೋಡೋಣ’ ಎಂದ ಒಬ್ಬ. ಪಿಂಗ್ ಓಡುತ್ತಿರುವಾಗಲೇ ತಂತಿ ಕಿತ್ತರು. ಉತ್ತರ ಬರುತ್ತಲೇ ಇತ್ತು! ಒಂದು, ಎರಡು, ಮೂರು ಸಾಲು. ಆಮೇಲೆ ನಿಂತಿತು. ಅಷ್ಟರಲ್ಲಿ ಗಂಟೆ ಬಾರಿಸಿತು.

ಓದುಗರಿಗೆ ಕಾರಣ ಹೊಳೆದಿರಬಹುದು. ಕರಿಹಲಗೆಯ ಮೇಲಿದ್ದ ಮೊದಲ ವಿಳಾಸವನ್ನೇ ಎರಡೂ ಕಡೆಯವರು ನಮೂದಿಸಿದ್ದರು. ಹೊಸ ಯಂತ್ರದ ವಿಳಾಸವೂ 192.168.10.1. ತನ್ನದೇ ವಿಳಾಸಕ್ಕೆ ಕರೆ ಹೋದಾಗ ಲಿನಕ್ಸ್ ಅದನ್ನು ತಂತಿಗೆ ಕಳುಹಿಸುವುದೇ ಇಲ್ಲ, ಒಳಗೇ ಉತ್ತರಿಸಿಬಿಡುತ್ತದೆ. ಅದಕ್ಕೇ ಅಷ್ಟು ಬೇಗ. ಸೇವೆಯನ್ನು ಕೇಳಿದ್ದೂ ತನ್ನನ್ನೇ, ‘ಇಲ್ಲ’ ಎಂದದ್ದೂ ತಾನೇ. ಹೊಸ ಯಂತ್ರದಲ್ಲಿ ಎಸ್‌ಎಸ್‌ಎಚ್ ಸರ್ವರ್ ನಿಜಕ್ಕೂ ಇರಲಿಲ್ಲ. ತಂತಿ ಕಿತ್ತು ಕೆಲವು ಸೆಕೆಂಡುಗಳಾದ ಮೇಲೆ ಉತ್ತರ ನಿಂತದ್ದಕ್ಕೂ ಕಾರಣವಿದೆ: ತಂತಿ ಇಲ್ಲದ್ದನ್ನು ಕಂಡು ‘ನೆಟ್‌ವರ್ಕ್‌ಮ್ಯಾನೇಜರ್’ ತಾನೇ ಆ ವಿಳಾಸವನ್ನು ತೆಗೆದುಹಾಕಿತು. ಆದ್ದರಿಂದ ಈ ಪರೀಕ್ಷೆಯಲ್ಲಿ ನೋಡಬೇಕಾದದ್ದು ಕಿತ್ತ ಕೂಡಲೇ ಬರುವ ಎರಡು ಮೂರು ಸಾಲುಗಳನ್ನು. ಕೆಲವು ಹೊಸ ವ್ಯವಸ್ಥೆಗಳು ಒಂದೇ ವಿಳಾಸ ಎರಡು ಕಡೆ ಇರುವುದನ್ನು ತಾವೇ ಗಮನಿಸಿ ತಡೆಯುತ್ತವೆ. ನಮ್ಮ ಯಂತ್ರಗಳು ತಡೆಯಲಿಲ್ಲ.

ಗಂಟೆಯ ನಂತರದ ಚರ್ಚೆ

ಪ್ರಶಿಕ್ಷಣಾರ್ಥಿ ಕಾರಣ ಹೇಳದೆ ತರಗತಿ ಬಿಟ್ಟರು. ಮಕ್ಕಳಿಂದ ಒಂದೇ ಕೆಲಸ ಮಾಡಿಸಿದರು: ಹಾಳೆಯ ಕೆಳಗೆ ‘ಇಲ್ಲಿಯವರೆಗೆ ಖಚಿತ’ ಎಂದು ಬರೆದು, ಗೊತ್ತಾದದ್ದನ್ನು ಮಾತ್ರ ಪಟ್ಟಿ ಮಾಡುವುದು. ಮಕ್ಕಳು ಬರೆದರು: ಹಳೆಯ ಯಂತ್ರದಲ್ಲಿ ಸೇವೆ ಇದೆ. ಉತ್ತರ ಬರುತ್ತಿದೆ. ಆ ಉತ್ತರ ತಂತಿಯಿಂದ ಬಂದದ್ದಲ್ಲ.

ಜೊತೆಯಲ್ಲಿ ವೀಕ್ಷಿಸುತ್ತಿದ್ದ ನನ್ನ ಸಹೋದ್ಯೋಗಿಯೊಬ್ಬರು ‘ಉದ್ದೇಶ ಸಾಧನೆ’ಯ ಅಂಕಣದಲ್ಲಿ ಕಡಿಮೆ ಅಂಕ ಕೊಟ್ಟರು. ಅವರ ವಾದವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ‘ಮೇಡಂ, ಎಂಟು ಮಕ್ಕಳು ಗೊಂದಲದಲ್ಲೇ ಮನೆಗೆ ಹೋದರು. ಚುರುಕಿನವರು ಯೋಚಿಸುತ್ತಾರೆ, ಸರಿ. ಹಿಂದುಳಿದವರು ತಮ್ಮಿಂದಾಗದು ಅಂದುಕೊಳ್ಳುತ್ತಾರೆ. ಎರಡು ನಿಮಿಷದಲ್ಲಿ ಹೇಳಿ ಮುಗಿಸಬಹುದಿತ್ತಲ್ಲ?’ ಎಂದರು. ನಾಳೆ ಅಂತಿಮ ಪಾಠದ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಬಂದಾಗ ಹೀಗೆ ಮಾಡಿದರೆ ನಷ್ಟವಾಗುವುದು ಪ್ರಶಿಕ್ಷಣಾರ್ಥಿಗೆ ಎಂಬುದೂ ಅವರ ಮಾತಿನಲ್ಲಿತ್ತು. ಅದು ನಿಜ.

ನನ್ನ ಅಭಿಪ್ರಾಯ ಬೇರೆ. ಆ ಅವಧಿಯ ಉದ್ದೇಶ ‘ಫೋಟೋ ಸಾಗಿಸುವುದು’ ಎಂದಾಗಿದ್ದರೆ ಪಾಠ ಸೋತಿದೆ. ಆದರೆ ಯೋಜನೆಯಲ್ಲಿ ನಾವು ಬರೆದ ಉದ್ದೇಶ ‘ಪರೀಕ್ಷೆಯ ಫಲಿತಾಂಶದಿಂದ ಏನನ್ನು ತೀರ್ಮಾನಿಸಬಹುದು, ಏನನ್ನು ತೀರ್ಮಾನಿಸಬಾರದು ಎಂದು ಗುರುತಿಸುವುದು’. ಅದನ್ನು ಆ ಮೂರನೆಯ ವಾಕ್ಯ ಸಾಧಿಸಿದೆ. ಸೋಲಲು ಸಾಧ್ಯವೇ ಇಲ್ಲದ ಪರೀಕ್ಷೆ ಪರೀಕ್ಷೆಯಲ್ಲ. ತಂತಿ ಕಿತ್ತರೂ ಬರುವ ಉತ್ತರ ತಂತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಇದನ್ನು ಶಿಕ್ಷಕಿ ಹೇಳಿದ್ದರೆ ಅದು ಇನ್ನೊಂದು ಟಿಪ್ಪಣಿಯಾಗುತ್ತಿತ್ತು. ಗೊಂದಲ ಮತ್ತು ಬರೆದಿಟ್ಟ ಗೊಂದಲ ಎರಡೂ ಒಂದೇ ಅಲ್ಲ. ‘ಇಲ್ಲಿಯವರೆಗೆ ಖಚಿತ’ ಎಂಬ ಪಟ್ಟಿ ಹಿಡಿದು ಹೋದ ಮಗುವಿಗೆ ತಾನು ಎಲ್ಲಿ ನಿಂತಿದ್ದೇನೆ ಎಂಬುದು ಗೊತ್ತು. ಸಹೋದ್ಯೋಗಿಯ ಆತಂಕಕ್ಕೆ ಉತ್ತರ ಆ ಪಟ್ಟಿಯೇ. ಅದಿಲ್ಲದೆ ತರಗತಿ ಬಿಟ್ಟಿದ್ದರೆ ನಾನೂ ಅವರ ಪಕ್ಷವೇ ಆಗುತ್ತಿದ್ದೆ.

ಎರಡು ದಿನಗಳ ನಂತರದ ಅವಧಿಗೆ ಆ ಗುಂಪು ಮೂರು ಊಹೆಗಳೊಂದಿಗೆ ಬಂತು. ವೈಫೈ ಹೊತ್ತಿದೆ ಎಂಬುದು ಮೊದಲನೆಯದು. ನೋಡಿದರು, ಹೊತ್ತಿರಲಿಲ್ಲ, ಹೊಡೆದುಹಾಕಿದರು. ಹಿಂದೆ ಬಂದ ಉತ್ತರವನ್ನೇ ಯಂತ್ರ ನೆನಪಿಟ್ಟು ತೋರಿಸುತ್ತಿದೆ ಎಂಬುದು ಎರಡನೆಯದು. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿ ಪಿಂಗ್ ಮಾಡಿದರು, ಅದೇ 0.04. ಮೂರನೆಯದು, ಹೆಚ್ಚು ಮಾತಾಡದ ಹುಡುಗನೊಬ್ಬನದು: ‘ನಮಗೆ ನಾವೇ ಓ ಅಂತಿದೀವೇನೋ.’ ‘ಐಪಿ ಅಡ್ರೆಸ್’ ಕೊಟ್ಟು ಎರಡೂ ಪರದೆಗಳನ್ನು ಅಕ್ಕಪಕ್ಕ ಓದಿದರು. ಹೊಸದರ ವಿಳಾಸವನ್ನು 192.168.10.2 ಮಾಡಿದರು. ಪಿಂಗ್‌ಗೆ 0.4ರ ಆಸುಪಾಸಿನ ಉತ್ತರ ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೊದಲು ತಂತಿ ಕಿತ್ತರು. ಉತ್ತರ ಆ ಕ್ಷಣವೇ ನಿಂತಿತು. ಮತ್ತೆ ಹಾಕಿದರು, ಬಂತು. ಆಮೇಲೆ ಚಪ್ಪಾಳೆ. ಫೋಟೋಗಳು ಸಾಗತೊಡಗಿದಾಗ ಅವಧಿಯಲ್ಲಿ ಇನ್ನೂ 15 ನಿಮಿಷ ಉಳಿದಿತ್ತು.

ಮೌಲ್ಯಮಾಪನ

ಈ ಪಾಠಕ್ಕೆ ಅಂಕ ಕೊಟ್ಟದ್ದು ದಾಖಲೆಯ ಹಾಳೆಗೆ, ಸಾಗಿದ ಫೋಟೋಗಳಿಗಲ್ಲ. ಬರಹದ ಪರೀಕ್ಷೆಗೆ ಮೂರು ಪ್ರಶ್ನೆಗಳು ಸಾಕಾದವು.

1. ‘ಐಪಿ ಲಿಂಕ್’ನಲ್ಲಿ ‘ನೋ-ಕ್ಯಾರಿಯರ್’ ಬಂದಿದೆ. ಇದರಿಂದ ತಂತಿ ಹಾಳಾಗಿದೆಯೆಂದು ಹೇಳಬಹುದೇ? ಇನ್ನೇನು ಪರೀಕ್ಷಿಸುವಿರಿ?
2. ಪಿಂಗ್‌ಗೆ ಉತ್ತರ ಬರುತ್ತಿದೆ, ಎಸ್‌ಎಸ್‌ಎಚ್ ‘ಟೈಮ್ಡ್ ಔಟ್’ ಎನ್ನುತ್ತಿದೆ. ಯಾವ ಮೆಟ್ಟಿಲುಗಳು ಗಟ್ಟಿ, ಯಾವುದು ಸಂಶಯ?
3. ಗೆಳತಿ ತಂತಿ ಮತ್ತು ವಿಳಾಸ ಎರಡನ್ನೂ ಒಟ್ಟಿಗೆ ಬದಲಿಸಿದಳು, ಸಂಪರ್ಕ ಬಂತು. ದೋಷ ಯಾವುದಿತ್ತು ಎಂದು ಈಗ ಹೇಗೆ ತಿಳಿಯುವಿರಿ?

ಪ್ರಶಿಕ್ಷಣಾರ್ಥಿಗಳಿಗೆ, ವೀಕ್ಷಕರಿಗೆ

ಈ ಪಾಠವನ್ನು ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳು ಎರಡು ಅವಧಿಗಳನ್ನು ಒಟ್ಟಿಗೇ ಯೋಜಿಸಿರಿ. ಮೊದಲನೆಯದರ ಕೊನೆಯ ಐದು ನಿಮಿಷವನ್ನು ‘ಇಲ್ಲಿಯವರೆಗೆ ಖಚಿತ’ ಪಟ್ಟಿಗೆಂದೇ ಕಾದಿಡಿರಿ. ಒಂದು ಗುಂಪಿಗಾದರೂ ದೋಷ ಇಡದೆ ಬಿಡಿರಿ. ನಾವಿಟ್ಟ ದೋಷ ನಮಗೆ ಗೊತ್ತಿರುತ್ತದೆ, ನಮ್ಮ ಮುಖವೇ ಮಕ್ಕಳಿಗೆ ಸುಳಿವು ಕೊಡುತ್ತದೆ. ಮಕ್ಕಳ ಕೈಯಿಂದ ಕೀಲಿಮಣೆ ತೆಗೆದುಕೊಳ್ಳಬೇಡಿ. ಹೇಳಬೇಕೆನಿಸಿದಾಗ ‘ಹೇಗೆ ಗೊತ್ತು?’ ಎಂದು ಕೇಳಿ.

ವೀಕ್ಷಕರಾದ ನಮಗೂ ಒಂದು ಮಾತು. ನಮ್ಮ ಅವಲೋಕನ ಪಟ್ಟಿಯಲ್ಲಿ ‘ಬೋಧನಾಂಶವನ್ನು ಪೂರ್ಣಗೊಳಿಸಿದ್ದಾರೆಯೇ?’ ಎಂಬ ಪ್ರಶ್ನೆಯಿದೆ. ಅದರ ಪಕ್ಕದಲ್ಲಿ ‘ಅಪೂರ್ಣವಾಗಿದ್ದರೆ, ಎಲ್ಲಿ ನಿಂತಿದ್ದೇವೆಂದು ಮಕ್ಕಳಿಗೆ ತಿಳಿದಿದೆಯೇ?’ ಎಂಬ ಇನ್ನೊಂದು ಸಾಲನ್ನು ಸೇರಿಸಲು ವಿಧಾನಶಾಸ್ತ್ರ ವಿಭಾಗದ ಸಭೆಯಲ್ಲಿ ಕೇಳಿದ್ದೇನೆ. ನನ್ನ ಸಹೋದ್ಯೋಗಿ ಅದನ್ನು ಒಪ್ಪಿದ್ದಾರೆ. ಮೊದಲ ಅವಧಿಗೆ ಕೊಟ್ಟ ಅಂಕವನ್ನು ಮಾತ್ರ ಬದಲಿಸಿಲ್ಲ. ಪಟ್ಟಿಯಲ್ಲಿ ಆ ಸಾಲು ಬರುವವರೆಗೆ ಅಂಕ ಪಟ್ಟಿಯಂತೆಯೇ ಇರಬೇಕು ಎಂಬುದು ಅವರ ನಿಲುವು. ಆ ಸಾಲು ಬೇಕೋ ಬೇಡವೋ ಎಂಬ ಬಗ್ಗೆ ಇತರ ಬೋಧನಾ ವಿಷಯಗಳ ಮಾರ್ಗದರ್ಶಕರೂ ತಮ್ಮ ತರಗತಿಗಳ ಅನುಭವದಿಂದ ಈ ಪುಟಗಳಲ್ಲಿ ಬರೆಯಬೇಕೆಂದು ಕೋರುತ್ತೇನೆ.